ನಲವತ್ತೈದು ದಿನ ಅಂದ್ರೆ ಎಷ್ಟು ದಿನ?

ಮೊನ್ನೆ ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಿಕೊಂಡಿದ್ದಾಗ ಗೆಳೆಯನೊಬ್ಬ ಫೋನ್ ಮಾಡಿದ. ಐಟಿ ಕೆಲಸ ಬಿಟ್ಟು ಕೇಂದ್ರ ಸರ್ಕಾರದ ಕಚೇರಿಗಳಿಗೆ ಮಾಲು ಸಪ್ಲೈ ಮಾಡ್ತಾನಂತೆ. "ಸರ್ಕಾರದ ದುಡ್ಡು ಎಲ್ಲೂ ಓಡಿಹೋಗಲ್ಲ ಕಣೋ" ಅಂದ. ನಿಜ, ಓಡಿಹೋಗಲ್ಲ. ಓಡಿ ಬರೋದೂ ಇಲ್ಲ.

ಅವನ ಆಸೆ ತಪ್ಪಲ್ಲ. ಯಲಹಂಕದಲ್ಲಿ ರೈಲು ಗಾಲಿ ಕಾರ್ಖಾನೆ, ವಾಯುಪಡೆ ನೆಲೆ, ಜಾಲಹಳ್ಳಿಯಲ್ಲಿ ಬಿಇಎಲ್ ನೋಡ್ತಾ ಬೆಳೆದವರಿಗೆ ಇಂಥ ಕನಸು ಬೀಳದಿದ್ದರೇ ಆಶ್ಚರ್ಯ. ಬಾಗಿಲೂ ತೆರೆದೇ ಇದೆ. ಉದ್ಯಮ್ ನೋಂದಣಿ ಉಚಿತ. 2016ರಿಂದ ಜೆಮ್ ಪೋರ್ಟಲ್ ಇದೆ. 2012ರ ಖರೀದಿ ನೀತಿಯಲ್ಲಿ ಸಣ್ಣವರಿಗೆ ಟೆಂಡರ್ ಫಾರಂ ಪುಕ್ಕಟೆ, ಇಎಂಡಿ ಕಟ್ಟಬೇಕಿಲ್ಲ. ಕೇಂದ್ರದ ಇಲಾಖೆಗಳು ವರ್ಷದ ಖರೀದಿಯಲ್ಲಿ ಶೇ. 25ರಷ್ಟನ್ನು ಕಿರು ಮತ್ತು ಸಣ್ಣ ಉದ್ಯಮಗಳಿಂದಲೇ ಕೊಳ್ಳಬೇಕು, ಅದರೊಳಗೆ ಶೇ. 3 ಮಹಿಳೆಯರ ಉದ್ಯಮಗಳಿಂದ.

ಒಳಗೆ ಹೋಗೋದು ಸುಲಭ. ಕಷ್ಟ ಇರೋದು ಹಣ ತಗೊಂಡು ಹೊರಗೆ ಬರೋದರಲ್ಲಿ.

ಯಶವಂತಪುರದಲ್ಲಿ ನನ್ನದೊಂದು ಶೆಡ್ ಇದೆ, ಆರು ಜನ ಕಬ್ಬಿಣದ ರ‍್ಯಾಕ್ ಮಾಡ್ತೀವಿ. ಒಂದು ಕಚೇರಿಗೆ ಹೇಳಿದ ದಿನವೇ ಮಾಲು ತಲುಪಿಸಿದೆವು. ಮೊದಲು ಸಾಹೇಬರು ರಜೆ. ಆಮೇಲೆ ಫೈಲು ಇನ್ನೊಂದು ಸೆಕ್ಷನ್‌ಗೆ. ಆಮೇಲೆ ಗ್ರ್ಯಾಂಟ್ ಬಂದಿಲ್ಲ. ಹಣ ಬಂದಿದ್ದು ಏಳನೇ ತಿಂಗಳಲ್ಲಿ. ಅದರ ಜಿಎಸ್‌ಟಿಯನ್ನು ಮಾತ್ರ ನಾನು ಮರುತಿಂಗಳೇ ಕೈಯಿಂದ ಕಟ್ಟಿದ್ದೆ. ಶನಿವಾರದ ಬಟವಾಡೆ ಯಾವ ಗ್ರ್ಯಾಂಟಿಗೂ ಕಾಯಲ್ಲ.

ಕಾನೂನು ಇಲ್ವಾ? ಬೇಕಾದಷ್ಟಿದೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಮಾಲು ಒಪ್ಪಿಕೊಂಡ 45 ದಿನದೊಳಗೆ ಹಣ ಕೊಡಬೇಕು. 15 ದಿನದಲ್ಲಿ ಬರಹದಲ್ಲಿ ಆಕ್ಷೇಪ ಬರದಿದ್ದರೆ ಮಾಲು ತಲುಪಿದ ದಿನವೇ ಒಪ್ಪಿಗೆಯ ದಿನ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡೋಕೆ 2017ರಿಂದ 'ಸಮಾಧಾನ್' ಪೋರ್ಟಲ್ಲೂ ಇದೆ. ನಾನು ಕೊಟ್ಟಿಲ್ಲ. ಇಲ್ಲೂ ಆ ಕಚೇರಿಯ ಹೆಸರು ಬರೆದಿಲ್ಲ, ಗಮನಿಸಿ. ಬರೆದರೆ ಮುಂದಿನ ಆರ್ಡರ್ ಯಾರು ಕೊಡ್ತಾರೆ? ಸಾಲ ಕೊಟ್ಟವನೇ ಹೆದರಿಕೊಂಡು ಕೂರಬೇಕು ಅನ್ನೋ ವ್ಯವಸ್ಥೆಗೆ ನ್ಯಾಯ ಅಂತ ಹೆಸರಿಡೋಕಾಗಲ್ಲ.

ಅಧಿಕಾರಿಗಳೆಲ್ಲ ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಬೇಗ ಸಹಿ ಹಾಕಿದವನಿಗೆ ಆಡಿಟ್ ಭಯ, ಕೂಡಿಸಿಟ್ಟವನಿಗೆ ಏನೂ ಆಗಲ್ಲ. ಖಾಸಗಿ ಕಂಪನಿಗಾದರೆ ಒಂದು ಚಾಟಿ ಇದೆ. ಅವಧಿಯೊಳಗೆ ಸಣ್ಣವರ ಬಾಕಿ ತೀರಿಸದಿದ್ದರೆ ತೀರಿಸುವವರೆಗೂ ಆ ಖರ್ಚಿಗೆ ಆದಾಯ ತೆರಿಗೆ ವಿನಾಯಿತಿ ಸಿಗಲ್ಲ. 2023ರ ಹಣಕಾಸು ಕಾಯ್ದೆ ತಂದ ಬದಲಾವಣೆ ಇದು. ಸರ್ಕಾರಿ ಇಲಾಖೆ ಆದಾಯ ತೆರಿಗೆಯನ್ನೇ ಕಟ್ಟಲ್ಲ. ಕಾನೂನು ಮಾಡಿದವರಿಗೇ ಅದರ ಬಿಸಿ ತಟ್ಟಲ್ಲ!

ನಾನು ಕೇಳೋದು ಹೊಸ ರಿಯಾಯಿತಿಯನ್ನಲ್ಲ. 46ನೇ ದಿನದಿಂದ ಬಡ್ಡಿ ತಾನಾಗೇ ಬಿಲ್ಲಿಗೆ ಸೇರಲಿ. ನಾವು ದೂರು ಕೊಡಬೇಕಾಗಿ ಬರದಿರಲಿ. ಆ ಬಡ್ಡಿ ಯಾವ ಮೇಜಿನ ಮೇಲೆ ಹುಟ್ಟಿತು ಅಂತ ಆಡಿಟ್‌ನವರು ಕೇಳಲಿ. ಆಗ ಫೈಲಿಗೆ ಕಾಲು ಬರುತ್ತೆ.

ಗೆಳೆಯನಿಗೆ ಇಷ್ಟೇ ಹೇಳಿದೆ: ಮಾರು, ಖಂಡಿತ ಮಾರು. ಆದರೆ ಹುಡುಗರ ಆರು ತಿಂಗಳ ಸಂಬಳ ಬ್ಯಾಂಕಲ್ಲಿ ಇಟ್ಟುಕೊಂಡೇ ಶೆಡ್ ಬಾಗಿಲು ತೆಗಿ.