ಮಸಿಯ ಮರೆ

ಇಂದು ಕಚೇರಿಗಳಲ್ಲಿ ‘ಕಡತ’ ಎಂದರೆ ಕಾಗದಪತ್ರಗಳ ಕಟ್ಟು. ಹಿಂದೆ ಆ ಮಾತಿಗೆ ಬೇರೆಯೇ ಅರ್ಥವಿತ್ತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿಟ್ಟ ಕಪ್ಪು ಹಾಳೆಯೇ ಕಡತವೆನಿಸಿತ್ತು. ಅದರ ಮೇಲೆ ಬಳಪದಿಂದ ಲೆಕ್ಕಪತ್ರಗಳನ್ನು ಬರೆಯುತ್ತಿದ್ದರು. ಬರೆದುದು ಬೇಡವಾದಾಗ ಒರೆಸಿದರೆ ಅಕ್ಷರವೇ ಇಲ್ಲವಾಗುತ್ತಿತ್ತು; ಅದೇ ಸ್ಥಳದಲ್ಲಿ ಹೊಸದನ್ನು ಬರೆಯಬಹುದಾಗಿತ್ತು. ಗಣಕಯಂತ್ರದ ಕಡತವು ಹಾಗಲ್ಲ. ಅಲ್ಲಿ ಕಣ್ಣಿಗೆ ಕಾಣದಂತಾದುದೆಲ್ಲವೂ ಇಲ್ಲವಾಯಿತೆಂದು ತಿಳಿಯುವಂತಿಲ್ಲ. ಮುಚ್ಚುವುದು ಬೇರೆ, ಅಳಿಸುವುದು ಬೇರೆ. ಈ ಭೇದವನ್ನರಿಯದವನು ತನ್ನ ಗುಟ್ಟನ್ನಷ್ಟೇ ಅಲ್ಲ, ತನ್ನನ್ನು ನಂಬಿದವರ ಗುಟ್ಟನ್ನೂ ಬೀದಿಗೆ ಚೆಲ್ಲುತ್ತಾನೆ.

ಪತ್ರವೊಂದನ್ನು ಇತರರಿಗೆ ಕೊಡುವಾಗ ಅದರ ಕೆಲವು ಭಾಗಗಳನ್ನು ತೆಗೆದು ಕೊಡಬೇಕಾದ ಸಂದರ್ಭಗಳು ಹಲವು. ನೊಂದ ಮಗುವಿನ ಹೆಸರು, ರೋಗಿಯ ಕಾಯಿಲೆ, ಬ್ಯಾಂಕಿನ ಖಾತೆಯ ಸಂಖ್ಯೆ ಇವೆಲ್ಲ ಊರಿಗೆಲ್ಲ ತಿಳಿಯತಕ್ಕವಲ್ಲ. ಹಾಗೆಂದು ಇಡೀ ಪತ್ರವನ್ನೇ ಬಚ್ಚಿಡುವುದೂ ನ್ಯಾಯವಲ್ಲ. ೨೦೦೫ರ ಮಾಹಿತಿ ಹಕ್ಕು ಅಧಿನಿಯಮದ ೧೦ನೆಯ ಪ್ರಕರಣವು ಈ ತತ್ತ್ವವನ್ನೇ ಹೇಳುತ್ತದೆ: ದಾಖಲೆಯಲ್ಲಿ ಬಹಿರಂಗಪಡಿಸಬಾರದ ಭಾಗವಿದ್ದರೆ ಅದನ್ನು ಬೇರ್ಪಡಿಸಿ ಉಳಿದುದನ್ನು ಕೊಡಬಹುದು. ಆದುದರಿಂದ ಮರೆಮಾಡುವ ಈ ಕೆಲಸವು ಸತ್ಯಕ್ಕೆ ವೈರಿಯಲ್ಲ. ಅದನ್ನು ಸರಿಯಾಗಿ ಮಾಡಬಲ್ಲವನು ಮಾತ್ರ ಹೇಳಬೇಕಾದುದನ್ನು ನಿರ್ಭಯವಾಗಿ ಹೇಳಬಲ್ಲನು.

ಆದರೆ ಸಾಮಾನ್ಯವಾಗಿ ನಡೆಯುವುದೇನು? ಹೆಸರಿನ ಮೇಲೆ ಒಂದು ಕಪ್ಪು ಪಟ್ಟಿಯನ್ನೆಳೆದು, ಕೆಲಸವಾಯಿತೆಂದು ಕಡತವನ್ನು ಕಳುಹಿಸಿಬಿಡುತ್ತಾರೆ. ಪಿಡಿಎಫ್ ಎಂಬ ಬಗೆಯ ಕಡತವು ನೋಡಲು ಅಚ್ಚಾದ ಹಾಳೆಯಂತೆಯೇ ಇರುತ್ತದೆ. ನಿಜವಾಗಿ ಅದು ಯಾವ ಅಕ್ಷರವನ್ನು ಎಲ್ಲಿ ಮೂಡಿಸಬೇಕು, ಯಾವ ಗೆರೆಯನ್ನು ಎಲ್ಲಿ ಎಳೆಯಬೇಕು ಎಂದು ಯಂತ್ರಕ್ಕೆ ತಿಳಿಸುವ ಆಜ್ಞೆಗಳ ಸರಮಾಲೆ. ಪಟ್ಟಿಯನ್ನೆಳೆದಾಗ ಆ ಮಾಲೆಗೆ ಇನ್ನೊಂದು ಆಜ್ಞೆ ಸೇರುತ್ತದೆಯೇ ಹೊರತು ಹೆಸರನ್ನು ಮೂಡಿಸುವ ಆಜ್ಞೆಯು ಅಳಿಯುವುದಿಲ್ಲ. ಆ ಸಾಲನ್ನು ಆಯ್ದು, ನಕಲು ಮಾಡಿ, ಬರಿಯ ಪುಟದಲ್ಲಿ ಅಂಟಿಸಿದರೆ ಅಡಗಿದ್ದ ಹೆಸರು ಹೊರಬೀಳುತ್ತದೆ. ಅದಕ್ಕೆ ವಿಶೇಷ ವಿದ್ಯೆಯೇನೂ ಬೇಡ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ತನ್ನನ್ನು ಯಾರೂ ಕಾಣುತ್ತಿಲ್ಲವೆಂದು ಭಾವಿಸುವಂತೆಯೇ ಮಸಿಯ ಮರೆಯನ್ನು ನಂಬಿದವರ ಪಾಡು.

ಬಲ್ಲವರೂ ಈ ಬಲೆಗೆ ಬಿದ್ದಿದ್ದಾರೆ. ೨೦೦೫ರ ಮಾರ್ಚ್ ೪ರಂದು ಇರಾಕಿನ ಬಾಗ್ದಾದ್ ನಗರದ ವಿಮಾನ ನಿಲ್ದಾಣದ ದಾರಿಯಲ್ಲಿ ಅಮೆರಿಕದ ಸೈನಿಕರ ಗುಂಡಿಗೆ ಇಟಲಿಯ ಗುಪ್ತಚರ ಅಧಿಕಾರಿ ನಿಕೋಲ ಕಾಲಿಪಾರಿಯವರು ಬಲಿಯಾದರು. ಆ ಕುರಿತು ಅಮೆರಿಕದ ಸೇನೆಯು ಪ್ರಕಟಿಸಿದ ತನಿಖಾ ವರದಿಯಲ್ಲಿ ಸೈನಿಕರ ಹೆಸರುಗಳಿಗೆ ಕಪ್ಪು ಬಳಿಯಲಾಗಿತ್ತು. ಓದುಗರು ಪಠ್ಯವನ್ನು ನಕಲು ಮಾಡಿ ಅಂಟಿಸಿದರು. ಹೆಸರುಗಳೆಲ್ಲ ಜಗತ್ತಿಗೆ ತಿಳಿದುಹೋದವು. ಹದಿನಾಲ್ಕು ವರ್ಷಗಳ ತರುವಾಯ, ೨೦೧೯ರ ಜನವರಿಯಲ್ಲಿ, ಅಮೆರಿಕದ ರಾಜಕೀಯ ಸಲಹೆಗಾರ ಪಾಲ್ ಮ್ಯಾನಫೋರ್ಟ್ ಅವರ ವಕೀಲರು ನ್ಯಾಯಾಲಯಕ್ಕೆ ಸಲ್ಲಿಸಿದ ಪತ್ರದಲ್ಲಿಯೂ ಇದೇ ತಪ್ಪು ಮರುಕಳಿಸಿತು. ಕಕ್ಷಿಗಾರನ ವಿಷಯವನ್ನು ಕಾಪಾಡಬೇಕಾದವರ ಕೈಯಿಂದಲೇ ಅದು ಬಯಲಾಯಿತು. ಯುದ್ಧಭೂಮಿಯಲ್ಲಿ ಹೆಸರು ಹೊರಬೀಳುವುದು ಪ್ರಾಣಕ್ಕೆ ಸಂಚಕಾರ. ನ್ಯಾಯಾಲಯದಲ್ಲಿ ಅದು ವಿಶ್ವಾಸಕ್ಕೆ ಪೆಟ್ಟು.

ಅಪಾಯವು ಕಪ್ಪು ಪಟ್ಟಿಯೊಂದರಲ್ಲೇ ಇಲ್ಲ. ಅಂಕಿಗಳನ್ನು ಮಸುಕುಗೊಳಿಸಿ ಕಳುಹಿಸುವುದುಂಟು. ಅಂಕಿಗಳಿರುವುದು ಹತ್ತೇ, ಒಂದೊಂದನ್ನೂ ಅದೇ ರೀತಿ ಮಸುಕುಗೊಳಿಸಿ ಹೋಲಿಸಿದರೆ ಮೂಲವನ್ನು ಊಹಿಸಬಹುದು. ಮೊಬೈಲಿನಲ್ಲಿ ತೆಗೆದ ಛಾಯಾಚಿತ್ರವು ತೆಗೆದ ದಿನವನ್ನೂ, ಕೆಲವೊಮ್ಮೆ ಸ್ಥಳವನ್ನೂ ತನ್ನ ಒಡಲಲ್ಲಿ ಹೊತ್ತಿರುತ್ತದೆ. ಆಧಾರ್ ಚೀಟಿಯಲ್ಲಿ ವಿಳಾಸವನ್ನು ಮುಚ್ಚಿ ಪಕ್ಕದ ಕ್ಯೂಆರ್ ಸಂಕೇತವನ್ನು ಹಾಗೆಯೇ ಬಿಟ್ಟರೆ, ಅದೇ ವಿಳಾಸವನ್ನು ಆ ಸಂಕೇತವು ಒಪ್ಪಿಸಿಬಿಡುತ್ತದೆ. ೨೦೨೩ರಲ್ಲಿ ಗೂಗಲ್ ಸಂಸ್ಥೆಯ ಪಿಕ್ಸೆಲ್ ಫೋನುಗಳ ದೋಷವೊಂದು ಬೆಳಕಿಗೆ ಬಂದಿತು: ಅವುಗಳಲ್ಲಿ ಕತ್ತರಿಸಿ ಉಳಿಸಿದ ಚಿತ್ರಗಳಲ್ಲಿ, ಕತ್ತರಿಸಿ ತೆಗೆದ ಭಾಗದ ಅಂಶಗಳು ಅಡಗಿ ಉಳಿದಿದ್ದವು. ದೋಷವನ್ನು ಸರಿಪಡಿಸಲಾಯಿತು. ಆದರೆ ಅದಕ್ಕೆ ಮೊದಲೇ ಹಂಚಿಹೋಗಿದ್ದ ಚಿತ್ರಗಳನ್ನು ಹಿಂದಕ್ಕೆ ಕರೆಯುವವರಾರು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹಾಗಾದರೆ ಮಾರ್ಗವೇನು? ಅದು ಕಷ್ಟದ್ದಲ್ಲ. ಮೊದಲು ಮೂಲ ಕಡತವನ್ನು ಮುಟ್ಟದೆ ಅದರ ಪ್ರತಿಯೊಂದನ್ನು ಮಾಡಿಕೊಳ್ಳಬೇಕು. ಆ ಪ್ರತಿಯಲ್ಲಿ ಬೇಡವಾದ ಮಾತುಗಳನ್ನು ಮುಚ್ಚದೆ, ತೆಗೆದುಹಾಕಿ, ಅಲ್ಲಿ ‘ಹೆಸರನ್ನು ತೆಗೆಯಲಾಗಿದೆ’ ಎಂದು ಬರೆಯಬೇಕು. ಹೀಗೆ ಬರೆಯುವುದು ಓದುಗನಿಗೆ ತೋರುವ ಪ್ರಾಮಾಣಿಕತೆಯೂ ಹೌದು. ಅಚ್ಚಾದ ಕಾಗದವಾದರೆ ಆ ಭಾಗಕ್ಕೆ ದಪ್ಪ ಕಾಗದದ ಚೂರನ್ನಂಟಿಸಿ, ಅದರ ನೆರಳಚ್ಚು ಪ್ರತಿಯನ್ನು ತೆಗೆದು ಅದನ್ನೇ ಕಳುಹಿಸಬೇಕು. ಕಡತದಲ್ಲಿ ಹುದುಗಿರುವ ಬರೆದವರ ಹೆಸರು, ತಿದ್ದುಪಡಿಗಳ ವಿವರ ಮೊದಲಾದವನ್ನೂ ನಿವಾರಿಸಬೇಕು. ಆಧಾರ್ ಸಂಖ್ಯೆಯ ಹನ್ನೆರಡು ಅಂಕಿಗಳಲ್ಲಿ ಮೊದಲ ಎಂಟನ್ನು ಮರೆಮಾಡಿದ ಪ್ರತಿಯನ್ನು ಸಂಬಂಧಪಟ್ಟ ಪ್ರಾಧಿಕಾರವೇ ಒದಗಿಸುತ್ತದೆ. ಸಾಧ್ಯವಿದ್ದೆಡೆ ಅದನ್ನೇ ಕೊಡುವುದು ಲೇಸು. ಕೊನೆಯದಾಗಿ, ಕಳುಹಿಸುವವನು ಒಂದು ಗಳಿಗೆ ತಾನೇ ಕಳ್ಳನಂತೆ ಯೋಚಿಸಬೇಕು: ತೆಗೆದ ಮಾತನ್ನು ಹುಡುಕಿ ನೋಡಬೇಕು, ಪುಟವನ್ನೆಲ್ಲ ನಕಲು ಮಾಡಿ ಬೇರೆಡೆ ಅಂಟಿಸಿ ಪರೀಕ್ಷಿಸಬೇಕು.

“ಬಚ್ಚಿಡುವಂಥದು ನನ್ನಲ್ಲೇನೂ ಇಲ್ಲ, ನನಗೇಕೆ ಈ ತೊಡಕು?” ಎನ್ನುವವರುಂಟು. ಈ ಮಾತು ಅರ್ಧಸತ್ಯ. ಮನುಷ್ಯನು ಹಂಚುವ ಪತ್ರಗಳಲ್ಲಿ ಅವನ ವಿಷಯವೊಂದೇ ಇರುವುದಿಲ್ಲ. ತರಗತಿಯ ಅಂಕಪಟ್ಟಿಯಲ್ಲಿ ಸಹಪಾಠಿಗಳೆಲ್ಲರ ಹೆಸರುಗಳಿವೆ. ಪಡಿತರ ಚೀಟಿಯಲ್ಲಿ ಮನೆಮಂದಿಯೆಲ್ಲ ಇದ್ದಾರೆ. ಅವರ ಪರವಾಗಿ ‘ಬಚ್ಚಿಡುವಂಥದು ಇಲ್ಲ’ ಎನ್ನಲು ಅವನಿಗೆ ಅಧಿಕಾರವೆಲ್ಲಿಯದು? ಖಾಸಗಿತನವು ಮೂಲಭೂತ ಹಕ್ಕೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು ೨೦೧೭ರ ಆಗಸ್ಟ್ ೨೪ರಂದು ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಆದರೆ ನ್ಯಾಯಾಲಯವು ಎತ್ತಿಹಿಡಿದ ಹಕ್ಕನ್ನು ದಿನದಿನವೂ ಕಾಯುವವರು ನ್ಯಾಯಾಧೀಶರಲ್ಲ. ಪತ್ರವನ್ನು ಕಳುಹಿಸುವ ಸಾಮಾನ್ಯ ಕೈಗಳು.

ಪರರ ವಿಷಯವೆಂದರೆ ಪರರು ಇಟ್ಟುಹೋದ ಒಡವೆಯಿದ್ದಂತೆ. ಅದನ್ನು ಕದಿಯದಿದ್ದರಷ್ಟೇ ಸಾಲದು. ಬಾಗಿಲು ಭದ್ರವಾಗಿದೆಯೇ ಎಂದು ಒಮ್ಮೆ ಎಳೆದು ನೋಡುವುದೂ ಇಟ್ಟುಕೊಂಡವನ ಧರ್ಮ. ಅಂದವಾಗಿ, ತಪ್ಪಿಲ್ಲದೆ ಬರೆಯುವುದನ್ನು ಕಲಿಯುವ ಮಕ್ಕಳು ಅಳಿಸಬೇಕಾದುದನ್ನು ನಿಶ್ಶೇಷವಾಗಿ ಅಳಿಸುವುದನ್ನೂ ಕಲಿಯಬೇಕು. ಅದೂ ಅಕ್ಷರವಿದ್ಯೆಯ ಒಂದು ಅಂಗವೇ.