ಚಹದಂಗಡಿಯ ನಾಲ್ಕು ಬಟ್ಟಲು

ನಾವು ಹಾಸನದ ಕಡೆಯವರು, ಹುಟ್ಟಾ ಕಾಫಿಯ ಮತಸ್ಥರು. ಮುಂಬಯಿಗೆ ಬಂದು ನಾಲ್ಕು ದಶಕಗಳಾದರೂ ಮತಾಂತರ ಹೊಂದಿದವರಲ್ಲ. ಕಚೇರಿಯಲ್ಲಿ ಕೈಗೆ ಬರುತ್ತಿದ್ದ ‘ಕಟಿಂಗ್’ ಚಹವನ್ನು ಮರ್ಯಾದೆಗಾಗಿ ಕುಡಿದದ್ದುಂಟು. ಮನೆಯೊಳಗೆ ಅದಕ್ಕೆ ಪ್ರವೇಶವಿರಲಿಲ್ಲ. ಅಂಥವರು ಈ ಸಲ ಚಹದಂಗಡಿಯ ವಿಷಯ ಬರೆಯಲು ಕುಳಿತದ್ದೇಕೆಂದು ವಾಚಕರು ಕೇಳಬಹುದು. ಹೇಳುತ್ತೇವೆ.

2021ರ ಏಪ್ರಿಲಿನಲ್ಲಿ ಕೋವಿಡ್ ಜ್ವರ ನಮ್ಮ ಮನೆಗೂ ಬಂತು. ಜ್ವರವೇನೋ ಬಿಟ್ಟಿತು, ಹೋಗುವಾಗ ನಮ್ಮಾಕೆಯ ಮೂಗನ್ನು ಕೆಡಿಸಿ ಹೋಯಿತು. ಮೊದಲು ಯಾವ ವಾಸನೆಯೂ ಇಲ್ಲ. ಕೆಲವು ತಿಂಗಳ ಮೇಲೆ ವಾಸನೆ ಮರಳಿತು, ಆದರೆ ತಲೆಕೆಳಗಾಗಿ ಮರಳಿತು. ಹುರಿದ ಈರುಳ್ಳಿ ಕೊಳೆತಂತೆ, ಕಾಫಿ ಸುಟ್ಟ ರಬ್ಬರಿನಂತೆ! ಈ ಬೇನೆಯವರಿಗೆ ಬಹಳವಾಗಿ ಕೆಡುವುದು ಕಾಫಿ, ಈರುಳ್ಳಿ, ಬೆಳ್ಳುಳ್ಳಿಗಳೇ ಎಂದರು ವೈದ್ಯರು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆ – ಈ ನಾಲ್ಕನ್ನು ದಿನಕ್ಕೆರಡು ಸಲ ಮೂಸಿ ಮೂಗಿಗೆ ಮತ್ತೆ ಪಾಠ ಹೇಳಿಸಬೇಕೆಂದರು. ಆಕೆ ಸಂಧ್ಯಾವಂದನೆಯ ನಿಷ್ಠೆಯಿಂದ ಮೂಸಿದಳು. ನಾವೂ ಮನೆಯಲ್ಲಿ ಕಾಫಿ ನಿಲ್ಲಿಸಿದೆವು. ಹಿತ್ತಾಳೆಯ ಫಿಲ್ಟರು ಅಟ್ಟ ಸೇರಿತು. ಮೂವತ್ತೈದು ವರ್ಷ ಬೆಳಗಿನ ಆರು ಗಂಟೆಗೆ ಎದುರುಬದುರು ಕುಳಿತು ಕುಡಿದ ಗಂಡಹೆಂಡಿರು ಬೇರೆ ಬೇರೆ ಕೋಣೆಗಳಲ್ಲಿ ಪತ್ರಿಕೆ ಓದತೊಡಗಿದೆವು. ಹೋದದ್ದು ಕಾಫಿಯೊಂದೇ ಅಲ್ಲವೆಂದು ಆಗ ತಿಳಿಯಿತು.

2022ರ ಶ್ರಾವಣದಲ್ಲಿ, ಕೆಳಮನೆಯ ಗುಜರಾತಿ ಮಹಿಳೆಯೊಬ್ಬರು ಕಾಲಬಾದೇವಿ ಕಡೆಯ ಗಲ್ಲಿಯೊಂದರ ಅಂಗಡಿಯ ಗುರುತು ಹೇಳಿದರು. ಗೋಡೆಯುದ್ದಕ್ಕೂ ತಗಡಿನ ಡಬ್ಬಗಳು, ಒಂದು ತಕ್ಕಡಿ, ಒಂದು ಬೆಂಚು. ಬಿಡಿಯಾಗಿ ತೂಗಿ ಮಾರುವ ಅಂಗಡಿ. ಎಪ್ಪತ್ತು ದಾಟಿದ ಸೇಠರು, “ಯಾವ ಚಹ ಕೊಡಲಿ, ಬೆನ್?” ಎಂದರು. “ಚಹ ಬೇಡ, ಸೇಠ್‌ಜಿ. ಒಂದು ಒಳ್ಳೆಯ ವಾಸನೆ ಸಿಕ್ಕರೆ ಸಾಕು” ಎಂದಳು ನಮ್ಮಾಕೆ. ಆತ ನಗಲಿಲ್ಲ. ಕೂರಿಸಿ, ನೀರಿಗೆ ಒಲೆ ಹಚ್ಚಿದರು.

ನಾಲ್ಕು ಬಿಳಿಯ ಪಿಂಗಾಣಿ ಬಟ್ಟಲುಗಳು ಸಾಲಾಗಿ ಬಂದವು. ಎಲ್ಲವೂ ಒಂದೇ ಗಿಡದ ಎಲೆಯಂತೆ. ಮಣ್ಣು, ಋತು ಮತ್ತು ಮಾಡುವ ಕೈ ಬೇರೆಯಾದರೆ ಚಹವೇ ಬೇರೆ. ಮೊದಲನೆಯದು ಸಾಸಿವೆಯಂಥ ಹರಳು, ಹಲ್ಲಿನ ಉರುಳೆಗಳ ನಡುವೆ ಎಲೆಯನ್ನು ಹಿಂಡಿ ಹರಿದು ಸುರುಳಿ ಮಾಡಿದ್ದು. 1930ರ ಸುಮಾರಿಗೆ ಅಸ್ಸಾಮಿನಲ್ಲಿ ಹುಟ್ಟಿದ ಈ ವಿಧಾನದ್ದೇ ಇಂದು ನಮ್ಮ ದೇಶ ಕುಡಿಯುವ ಚಹದ ಬಹುಪಾಲು. ಹಾಲು, ಶುಂಠಿಗೆ ಎದೆಗೊಟ್ಟು ನಿಲ್ಲುವಂಥದು. ನಮ್ಮಾಕೆ ಮೂಸಿ, “ಬಿಸಿನೀರು” ಎಂದಳು. ಎರಡನೆಯದು ಅಸ್ಸಾಮಿನದೇ ಇಡೀ ಎಲೆ, ಅದಕ್ಕೂ ತಲೆಯಾಡಿಸಿದಳು. ಮೂರನೆಯ ನೀಲಗಿರಿಗೆ, “ಏನೋ ಇದೆ, ಹೆಸರು ಬಾಯಿಗೆ ಬರುತ್ತಿಲ್ಲ” ಎಂದಳು.

ನಾಲ್ಕನೆಯದರ ಮುಚ್ಚಳ ತೆಗೆದು, ನೆನೆದ ಎಲೆಯನ್ನೇ ಸೇಠರು ಆಕೆಯ ಮುಂದೆ ಹಿಡಿದರು. ಆಕೆ ಕಣ್ಣು ಮುಚ್ಚಿ ಬಹಳ ಹೊತ್ತು ಕುಳಿತಳು. “ರೀ, ಒಣದ್ರಾಕ್ಷಿ! ಪಾಯಸಕ್ಕೆಂದು ಡಬ್ಬದಿಂದ ತೆಗೆಯುತ್ತೇವಲ್ಲ, ತುಪ್ಪಕ್ಕೆ ಹಾಕುವ ಮುಂಚಿನದು!”

ನಮ್ಮ ಕೆಡದ ಮೂಗಿಗೆ ಅದರಲ್ಲಿ ಬೆಂದ ಹುಲ್ಲಲ್ಲದೆ ಬೇರೇನೂ ಸಿಕ್ಕಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ. ಸೇಠರು ಕೈಯಲ್ಲಿದ್ದ ಚಮಚ ಕೆಳಗಿಟ್ಟರು. ಅದು ದಾರ್ಜಿಲಿಂಗಿನ ಎರಡನೆಯ ಕೊಯ್ಲು, ಮೇ-ಜೂನಿನದು. ಆ ಗಂಧಕ್ಕೆ ದ್ರಾಕ್ಷಿಯ ಹೆಸರೇ ಇದೆಯಂತೆ, ‘ಮಸ್ಕಟೆಲ್’ ಎಂದು. ಆ ದಿನಗಳಲ್ಲಿ ಬಲು ಸಣ್ಣ ಹುಳುಗಳು ಎಲೆಯ ರಸ ಹೀರುತ್ತವೆ; ಗಿಡ ತನ್ನ ರಕ್ಷಣೆಗೆ ಹುಟ್ಟಿಸಿಕೊಳ್ಳುವ ಪದಾರ್ಥಗಳಿಂದಲೇ ಈ ಪರಿಮಳ. “ಎಲೆಗೆ ಬೇನೆ ಬಂದರೆ ಗಂಧ ಹುಟ್ಟಿತು, ನನಗೆ ಬಂದರೆ ಇದ್ದದ್ದೂ ಹೋಯಿತು. ಅದೃಷ್ಟ ನೋಡಿ!” ಎಂದು ಆಕೆ ನಕ್ಕಳು. ಹದಿನೈದು ತಿಂಗಳ ಮೇಲೆ ಕೇಳಿದ ನಗೆ.

ಒಂದೂವರೆ ಗಂಟೆ ಕುಳಿತೆವು. ಗಿರಾಕಿಗಳು ಬಂದರು, ಹೋದರು. ನಮ್ಮನ್ನು ಯಾರೂ ಏಳಿಸಲಿಲ್ಲ. ಕೊನೆಗೆ ಕೊಂಡದ್ದು ನೂರು ಗ್ರಾಂ ಮಾತ್ರ. ಸೇಠರ ಉಪದೇಶವನ್ನು ವಾಚಕರಿಗೂ ಒಪ್ಪಿಸುತ್ತೇವೆ: ಬಟ್ಟಲಿಗೆ ಒಂದು ಚಮಚ ಎಲೆ, ಎಲೆಯನ್ನು ಕುದಿಸಬೇಡಿ, ಕುದಿದ ನೀರನ್ನು ಅದರ ಮೇಲೆ ಹುಯ್ಯಿರಿ, ಮುಚ್ಚಿಟ್ಟು ಮೂರು ನಿಮಿಷಕ್ಕೆ ಸೋಸಿರಿ, ದಾರ್ಜಿಲಿಂಗಿಗೆ ಹಾಲು ಬೇಡ. ಡಬ್ಬವನ್ನು ಸಾರಿನ ಪುಡಿಯ ಪಕ್ಕದಲ್ಲಿ ಇಡಬೇಡಿ, ಚಹದೆಲೆ ನೆರೆಹೊರೆಯ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಕೊಳ್ಳುವಾಗ ಅವಸರ ಬೇಡ, ಸ್ವಲ್ಪವೇ ಕೊಳ್ಳಿ.

ಮರುದಿನದಿಂದ ಬೆಳಗಿನ ಆರು ಗಂಟೆ ಮತ್ತೆ ನಮ್ಮದಾಯಿತು. ಮೂಗು ಒಂದೇ ದಿನದಲ್ಲಿ ರಿಪೇರಿಯಾಗಲಿಲ್ಲ. ಲವಂಗ ಬರಲು ಆರು ತಿಂಗಳು ಹಿಡಿಯಿತು, ಈರುಳ್ಳಿಗೆ ಇನ್ನೂ ಹೆಚ್ಚು. ಮೊನ್ನೆ ಯುಗಾದಿಯ ಮುನ್ನಾದಿನ ಆಕೆ ತಾನಾಗಿ ಅಟ್ಟದಿಂದ ಫಿಲ್ಟರು ಇಳಿಸಿ, ಹುಣಿಸೆಹಣ್ಣು ಹಚ್ಚಿ ಬೆಳಗಿ, ಕಿಟಕಿಯ ಹತ್ತಿರ ಕವುಚಿ ಇಟ್ಟಿದ್ದಳು. ನಾವು ಕಂಡೆವು; ಏನೂ ಕೇಳಲಿಲ್ಲ. ಆ ಸಂಜೆ ವಾಕಿಂಗಿಗೆ ಹೋದವರು, ಬರುವಾಗ ಕಾಲು ಕಿಲೋ ಕಾಫಿಪುಡಿ ತಂದಿಟ್ಟೆವು.