ನಂಬಿಸಬಲ್ಲವನ ಹೊಣೆ

ಆಡಿದ ಮಾತನ್ನೆಲ್ಲ ಎದುರಿಗಿರುವವರು ನಂಬಿಬಿಡುವಂತಹ ಶಕ್ತಿಯೊಂದು ದೊರೆತರೆ ಯಾವ ವರ್ತಕನೂ ಬೇಡವೆನ್ನಲಾರ. ಬ್ಯಾಂಕಿನಲ್ಲಿ ಸಾಲ ಸಲೀಸಾಗಿ ದೊರೆಯುತ್ತದೆ, ಸರಕು ಉದ್ರಿಯಲ್ಲಿ ಬರುತ್ತದೆ, ಗಿರಾಕಿ ಚೌಕಾಸಿ ಮಾಡುವುದಿಲ್ಲ. ಇದು ಕಟ್ಟುಕಥೆಯ ವರವೆಂದು ತಳ್ಳಿಹಾಕುವಂತಿಲ್ಲ. ವರ್ಷಗಳ ವ್ಯವಹಾರದಿಂದ ಹೆಸರು ಗಳಿಸಿದ ಪ್ರತಿಯೊಬ್ಬ ಉದ್ದಿಮೆದಾರನಲ್ಲಿಯೂ ಈ ಶಕ್ತಿಯ ಒಂದಂಶ ಇದ್ದೇ ಇರುತ್ತದೆ. ಅದರೊಡನೆ ಬಾಳುವುದು ಹೇಗೆಂಬುದೇ ಪ್ರಶ್ನೆ.

ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವೀಸಸ್ ಸಂಸ್ಥೆಯ ಸ್ಥಾಪಕ ಬಿ. ರಾಮಲಿಂಗ ರಾಜು ಅವರಿಗೆ ಈ ಶಕ್ತಿ ಧಾರಾಳವಾಗಿತ್ತು. 2008ರ ಸೆಪ್ಟೆಂಬರಿನಲ್ಲಿ ಸಂಸ್ಥೆಗೆ ಉತ್ತಮ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ ಸಂದಿತ್ತು. 2009ರ ಜನವರಿ 7ರಂದು ಅವರೇ ಆಡಳಿತ ಮಂಡಳಿಗೆ ಪತ್ರ ಬರೆದು, ಲೆಕ್ಕಪತ್ರದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ನಿಜವಾದ ಲಾಭಕ್ಕೂ ತೋರಿಸಿದ ಲಾಭಕ್ಕೂ ಮೊದಲು ಇದ್ದ ಅಲ್ಪ ಅಂತರವು ವರ್ಷದಿಂದ ವರ್ಷಕ್ಕೆ ಹಿಗ್ಗಿತೆಂದೂ, ತಮ್ಮ ಸ್ಥಿತಿ ಹುಲಿಯ ಮೇಲಿನ ಸವಾರಿಯಂತಾಯಿತೆಂದೂ ಅದರಲ್ಲಿ ತಿಳಿಸಿದ್ದರು.

ಇಲ್ಲಿ ವರ್ತಕರು ಗಮನಿಸಬೇಕಾದುದು ಆ ಮೊತ್ತಕ್ಕಿಂತ ಅದು ಬೆಳೆದ ಬಗೆಯನ್ನು. ಮೊದಲ ಸುಳ್ಳನ್ನು ಯಾರಾದರೂ ತಡೆದಿದ್ದರೆ ಅದು ಸಣ್ಣ ನಷ್ಟವಾಗಿಯೇ ಉಳಿಯುತ್ತಿತ್ತು. ಬ್ಯಾಂಕ್ ಶಿಲ್ಕನ್ನು ಸರಿಯಾಗಿ ದೃಢಪಡಿಸಿಕೊಳ್ಳಲಿಲ್ಲವೆಂಬ ಕಾರಣಕ್ಕೆ 2011ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರು ಸಂಸ್ಥೆಯ ಲೆಕ್ಕಪರಿಶೋಧಕರ ಮೇಲೆಯೂ ಕ್ರಮ ಕೈಗೊಂಡರು. ಎಲ್ಲರೂ ನಂಬುವವನಿಗೆ "ತೋರಿಸು" ಎನ್ನುವವರು ಇಲ್ಲವಾಗುತ್ತಾರೆ. ಅವನಿಗೆ ಒದಗುವ ಮೊದಲ ನಷ್ಟ ಅದೇ. 2015ರ ಏಪ್ರಿಲಿನಲ್ಲಿ ವಿಶೇಷ ನ್ಯಾಯಾಲಯವು ರಾಜು ಅವರಿಗೆ ಏಳು ವರ್ಷಗಳ ಶಿಕ್ಷೆ ವಿಧಿಸಿತು. ಮೇಲ್ಮನವಿಯ ಹಂತದಲ್ಲಿ ಅವರಿಗೆ ಜಾಮೀನು ದೊರೆಯಿತು.

ಇಷ್ಟು ದೊಡ್ಡ ಸಂಸ್ಥೆಯ ಕಥೆ ಸಣ್ಣ ಕೈಗಾರಿಕೆಗೆ ಏಕೆ ಎಂಬ ಪ್ರಶ್ನೆ ಏಳಬಹುದು. ಕ್ಯಾಷ್ ಕ್ರೆಡಿಟ್ ಸೌಲಭ್ಯಕ್ಕಾಗಿ ಬ್ಯಾಂಕಿಗೆ ಸಲ್ಲಿಸುವ ದಾಸ್ತಾನು ವಿವರಪಟ್ಟಿಯನ್ನೇ ನೋಡಬಹುದು. ಮುಂದಿನ ತಿಂಗಳು ಸರಿದೂಗಿಸಿದರಾಯಿತೆಂದು ಒಂದಿಷ್ಟು ಹಿಗ್ಗಿಸಿ ಬರೆದ ಅಂಕಿಯನ್ನು, ಹಳೆಯ ಖಾತೆದಾರನೆಂಬ ವಿಶ್ವಾಸದಿಂದ ಬ್ಯಾಂಕು ಒಪ್ಪಿಬಿಡಬಹುದು. ಆಗ ಮರುತಿಂಗಳ ಪಟ್ಟಿಯು ಗೋದಾಮಿನಿಂದ ಹುಟ್ಟದೆ ಹಿಂದಿನ ಪಟ್ಟಿಯಿಂದ ಹುಟ್ಟುತ್ತದೆ.

ವ್ಯಾಪಾರ ನಡೆಯುವುದೇ ನಂಬಿಕೆಯ ಮೇಲೆ, ಪುರಾವೆ ಕೇಳುವುದು ಅಪಮಾನ ಎಂಬ ವಾದ ಪೇಟೆಯಲ್ಲಿ ಹಳೆಯದು. ಆದರೆ ತೂಕದ ಕಲ್ಲಿಗೆ ಮುದ್ರೆ ಹಾಕಿಸುವುದರಿಂದ ಯಾವ ಅಂಗಡಿಯವನ ಮರ್ಯಾದೆಯೂ ಕುಂದಿಲ್ಲ. ಮಾತಿಗೂ ಅಂತಹುದೇ ಮುದ್ರೆ ಬೇಕು. ದಾಸ್ತಾನನ್ನು ಲೆಕ್ಕ ಬರೆಯುವವರಲ್ಲದೆ ಬೇರೊಬ್ಬರು ಎಣಿಸಲಿ. ವರ್ಷಾಂತ್ಯದ ಬಾಕಿ ದೃಢೀಕರಣ ಪತ್ರಗಳು ಬ್ಯಾಂಕಿನಿಂದಲೂ ವ್ಯವಹಾರಸ್ಥರಿಂದಲೂ ನೇರವಾಗಿ ಲೆಕ್ಕಪರಿಶೋಧಕರ ಕೈಸೇರಲಿ. ಮಾಲೀಕನ ಅಂಕಿಯನ್ನು ಪ್ರಶ್ನಿಸಿದ ಗುಮಾಸ್ತನನ್ನು ಗದರಿಸದಿರಲಿ.

ಪರೀಕ್ಷೆಯನ್ನು ತಾನೇ ಕೇಳಿ ಪಡೆಯುವುದು ನಂಬಿಕೆ ಗಳಿಸಿದವನ ಕರ್ತವ್ಯ. ಸಾಲಕ್ಕೆ ಬಡ್ಡಿ ಕಟ್ಟುವಂತೆ ನಂಬಿಕೆಗೂ ಲೆಕ್ಕ ಒಪ್ಪಿಸುತ್ತಿದ್ದರೆ ಮಾತ್ರ ಅದು ಮುಂದಿನ ತಲೆಮಾರಿಗೆ ಆಸ್ತಿಯಾಗಿ ಉಳಿದೀತು.